ಹದಿನಾಲ್ಕನೇ ಕೋಣೆಯ ಸೋರಿಕೆ

ಒಂದು ಸದ್ದಿಗೆ ಮೂರು ಗುಂಡಿಗಳಿರತಕ್ಕದ್ದು ಎಂದು ನೀರು ಸರಬರಾಜು ಕಚೇರಿ ತೀರ್ಮಾನಿಸಿತು. ಮೂರರಲ್ಲಿ ಒಂದಕ್ಕೆ ಮಾತ್ರ ಸದ್ಯಕ್ಕೆ ಕೆಲಸ ಕೊಡತಕ್ಕದ್ದು ಎಂದು ಅದೇ ಸಭೆ ತೀರ್ಮಾನಿಸಿತು. ಎರಡೂ ಸರ್ವಾನುಮತದ್ದು.

ಸದ್ದು ಒಂದು ಆಟದ್ದು. ಜನ ನೀರು ಪೋಲು ಮಾಡಬಾರದು ಎಂದು ಕಚೇರಿ ಒಂದು ಕಂಪ್ಯೂಟರ್ ಗೇಮ್ ಮಾಡಿಸಿತ್ತು. ಪರದೆಯ ಮೇಲೆ ಒಂದು ಮನೆ, ಮನೆಯೊಳಗೆ ಒಂದು ನಲ್ಲಿ. ನಲ್ಲಿ ತೊಟ್ಟಿಕ್ಕುತ್ತಿರುತ್ತದೆ. ಕೆಳಗೆ ಮೂರು ಬಟನ್: ಶುರು, ತಡೆ, ನಿಲ್ಲಿಸು. ಶುರು ಒತ್ತಿದರೆ ತೊಟ್ಟಿಕ್ಕುವ ಸದ್ದು ಹೊರಡುತ್ತದೆ. ತಡೆ ಒತ್ತಿದರೆ ಸದ್ದು ಅಲ್ಲೇ ನಿಂತು, ಇನ್ನೊಮ್ಮೆ ಒತ್ತಿದಾಗ ನಿಂತ ಜಾಗದಿಂದ ಮುಂದೆ ಹೋಗಬೇಕು. ನಿಲ್ಲಿಸು ಒತ್ತಿದರೆ ಪೂರ್ತಿ ನಿಲ್ಲಬೇಕು. ಗೇಮ್ ಮಾಡಿದ ಹುಡುಗಿ ಇದನ್ನು ಸಭೆಯಲ್ಲಿ ಎರಡು ಸಲ ವಿವರಿಸಿದಳು. ಆಡಳಿತ ವಿಭಾಗದವರು ಎದ್ದು ನಿಂತು, ತಡೆಯುವುದೂ ನಿಲ್ಲಿಸುವುದೂ ಒಂದೇ ಅಲ್ಲವೇ, ಒಂದೇ ಹುದ್ದೆಗೆ ಇಬ್ಬರನ್ನು ನೇಮಿಸಿದ ಹಾಗಾಯಿತಲ್ಲ ಎಂದರು. ಮಾತು ಸರಿ ಎಂದು ಎಲ್ಲರಿಗೂ ಕಂಡಿತು. ಇಬ್ಬರಲ್ಲಿ ಯಾರನ್ನು ಉಳಿಸುವುದು ಎಂದು ನೋಡಲು ಉಪಸಮಿತಿ ರಚನೆಯಾಯಿತು. ವರದಿ ಬರುವ ತನಕ ಎರಡು ಬಟನ್ನುಗಳೂ ಪರದೆಯ ಮೇಲೆ ಇರಬಹುದು, ಕೆಲಸ ಮಾಡಕೂಡದು.

ಇಂಥ ಆಟ ತಯಾರಿಸುವ ಸಾಧನಕ್ಕೆ ಗೇಮ್ ಎಂಜಿನ್ ಎನ್ನುತ್ತಾರಂತೆ. ಎಂಜಿನ್ ಎಂದ ಮೇಲೆ ಅದು ಪಂಪು ವಿಭಾಗದ ಪುಸ್ತಕಕ್ಕೆ ಸೇರಿತು. ಪ್ರತಿ ಸೋಮವಾರ ಅದರ ಹೆಸರಿನ ಮುಂದೆ 'ಎಣ್ಣೆ ಹಾಕಿದೆ' ಎಂದು ಬರೆದು ಸಹಿ ಮಾಡುತ್ತಿದ್ದರು.

ಕಂಪ್ಯೂಟರನ್ನು ಜನ ಕಾಯುವ ಹದಿನಾಲ್ಕನೇ ಕೋಣೆಯಲ್ಲಿ ಇಟ್ಟರು. ಸಾಹೇಬರು ಶುರು ಒತ್ತಿ ಉದ್ಘಾಟಿಸಿದರು. ಫೋಟೋದವನಿಗೆ ತೃಪ್ತಿಯಾಗಲಿಲ್ಲ. "ಇನ್ನೊಂದ್ಸಲ ಸಾರ್, ಮುಖ ಈ ಕಡೆ" ಎಂದು ಏಳು ಸಲ ಒತ್ತಿಸಿದ. ಒಂದೊಂದು ಸಲ ಒತ್ತಿದಾಗಲೂ ಹಳೆಯ ಸದ್ದಿನ ಮೇಲೆ ಹೊಸ ಸದ್ದು ಒಂದು ಕೂತುಕೊಂಡಿತು. ಸಾಹೇಬರು ಹೊರಡುವ ಹೊತ್ತಿಗೆ ಕೋಣೆಯಲ್ಲಿ ಏಳು ನಲ್ಲಿ ಸೋರುತ್ತಿದ್ದವು. ಜನ ಚಪ್ಪಾಳೆ ತಟ್ಟಿದರು.

ಪಾನಣ್ಣ ಆವತ್ತು ಅಲ್ಲಿರಲಿಲ್ಲ. ಅವನು ಆ ಕಟ್ಟಡದ ಪ್ಲಂಬರ್. ಜೇಬಿನಲ್ಲಿ ಯಾವಾಗಲೂ ನಟ್ಟು ಬಿಚ್ಚುವ ಪಾನಾ ಇರುತ್ತಿತ್ತು, ಹಾಗಾಗಿ ಆ ಹೆಸರು. ಮಾತು ಕಡಿಮೆ. ಕಚೇರಿಯ ಹಿಂದಿನ ಕ್ವಾರ್ಟರ್ಸಿನಲ್ಲಿ ಇಪ್ಪತ್ತಾರು ವರ್ಷದಿಂದ ಇದ್ದ. ಹೆಂಡತಿ ತೀರಿಕೊಂಡ ಮೇಲೆ, ಎಂಟು ತಿಂಗಳಿಂದ ಒಬ್ಬನೇ ಇದ್ದ. ಅವಳು ಗಿಡ್ಡಿ. ಅವಳ ಕೈಗೆ ಸರಿಯಾಗಿ ಸಿಗಲಿ ಎಂದು ಅಡುಗೆಮನೆಯ ಕಟ್ಟೆಯನ್ನೂ ನಲ್ಲಿಯನ್ನೂ ನಿಯಮಕ್ಕಿಂತ ಒಂದು ಗೇಣು ಕೆಳಗೆ ಕೂರಿಸಿದ್ದ. ಈಗಲೂ ತಟ್ಟೆ ತೊಳೆಯುವಾಗ ಸೊಂಟ ಬಗ್ಗಿಸುತ್ತಾನೆ. ಮನಸ್ಸು ಮಾಡಿದರೆ ನಲ್ಲಿಯನ್ನು ಒಂದು ಗಂಟೆಯಲ್ಲಿ ಏರಿಸಬಲ್ಲ. ಏರಿಸಿಲ್ಲ.

ಕ್ವಾರ್ಟರ್ಸಿಗೆ ಒಂದು ನಿಯಮವಿತ್ತು. ವರ್ಷದ ಕೊನೆಯ ದಿನ ಯಾರ ಹೆಸರಿನಲ್ಲಿ ಒಂದೇ ಒಂದು ದೂರು ಬಾಕಿ ಇದ್ದರೂ, ಅವರ ಮನೆ ಪಟ್ಟಿಯಲ್ಲಿ ಮುಂದಿರುವವರಿಗೆ ಹೋಗುತ್ತದೆ. ಇಪ್ಪತ್ತಾರು ವರ್ಷದಲ್ಲಿ ಪಾನಣ್ಣನ ಹೆಸರಿನಲ್ಲಿ ಒಂದೂ ಬಾಕಿ ಉಳಿದಿರಲಿಲ್ಲ. ಪಟ್ಟಿಯಲ್ಲಿ ಮುಂದಿದ್ದವನು ಪಂಪು ವಿಭಾಗದ ಲಂಬು. ಆರಡಿ ಮೂರಂಗುಲ. ಒಳ್ಳೆಯ ಮನುಷ್ಯ.

ದೂರಿನ ಕಿಟಕಿಯಲ್ಲಿ ಕೂರುವವಳು ಪಾನಣ್ಣನ ನಾದಿನಿ, ಹೆಂಡತಿಯ ತಂಗಿ. ವರ್ಷ ಮುಗಿಯಲು ಹನ್ನೆರಡು ದಿನ ಇದ್ದಾಗ ಅವಳು ಅವನನ್ನು ಕರೆದಳು.

"ಭಾವ, ಹದಿನಾಲ್ಕರಲ್ಲಿ ಸೋರ್ತಿದೆಯಂತೆ."

"ಯಾರು ಬರೆಸಿದ್ದು?"

"ಪಕ್ಕದ ರೂಮಿನ ಟೈಪಿಸ್ಟು. ಗೋಡೆಯೊಳಗೆ ಎಲ್ಲೋ ತೊಟ್ಟಿಕ್ತಿದೆ, ಆ ಸದ್ದು ಕೇಳಿ ಕೇಳಿ ಬೆಳಗ್ಗೆಯಿಂದ ಆರು ಸಲ ಬಾತ್‌ರೂಮಿಗೆ ಹೋಗಿ ಬಂದೆ ಅಂದ್ರು."

"ಅದನ್ನೂ ಬರ್ಕೊಂಡ್ಯಾ?"

"ಹೇಳಿದ್ದನ್ನೆಲ್ಲ ಬರ್ಕೋಬೇಕು ಭಾವ. ಆರು ಅಂತ ಅಂಕಿಯಲ್ಲೂ ಬರ್ದಿದೀನಿ, ಅಕ್ಷರದಲ್ಲೂ ಬರ್ದಿದೀನಿ."

ಪಾನಣ್ಣ ಹದಿನಾಲ್ಕಕ್ಕೆ ಹೋದ. ಪಾನಾದ ಒಂದು ತುದಿಯನ್ನು ಗೋಡೆಗೆ ಒತ್ತಿದ, ಇನ್ನೊಂದು ತುದಿಗೆ ಕಿವಿ ಕೊಟ್ಟ. ಗೋಡೆ ಸುಮ್ಮನಿತ್ತು. ಸದ್ದು ಬೆನ್ನ ಹಿಂದೆ ಇತ್ತು. ತಿರುಗಿ ನೋಡಿದರೆ ಕಂಪ್ಯೂಟರು. ಹತ್ತಿರ ಹೋಗಿ ಕೇಳಿದ. ಅರ್ಧ ಇಂಚಿನ ನಲ್ಲಿ. ವಾಷರ್ ಸವೆದಿದೆ. ಅಷ್ಟು ಗೊತ್ತಾಯಿತು. ನಲ್ಲಿ ಮಾತ್ರ ಇರಲಿಲ್ಲ.

ಗೇಮ್ ಹುಡುಗಿ ಅಲ್ಲೇ ಕೂತಿದ್ದಳು. ಉಪಸಮಿತಿಯ ವರದಿ ಬಂದ ತಕ್ಷಣ ಬಟನ್ ಜೋಡಿಸಲು ಅವಳನ್ನು ಕಾಯಿಸಿದ್ದರು.

"ನಿಲ್ಲಿಸಮ್ಮ ಇದನ್ನ" ಎಂದ ಪಾನಣ್ಣ.

"ಆಗಲ್ಲ ಅಂಕಲ್. ಮುಗಿದ್ರೆ ಮತ್ತೆ ಮೊದಲಿಂದ ಬಾ ಅಂತ ಹೇಳಿದೀನಿ ಅದಕ್ಕೆ. ಬರ್ತಾನೇ ಇರುತ್ತೆ."

"ಇಲ್ಲಿ ನಿಲ್ಲಿಸು ಅಂತ ಇದೆಯಲ್ಲ."

"ಒತ್ತಿ ನೋಡಿ."

ಒತ್ತಿದ. ಬಟನ್ ಒಳಗೆ ಹೋಯಿತು. ಬಣ್ಣ ಬದಲಾಯಿತು. ಹೊರಗೆ ಬಂತು. ನಲ್ಲಿ ಸೋರುತ್ತಲೇ ಇತ್ತು.

"ಬಟನ್ ಇದೆ ಅಂಕಲ್. ಒತ್ತಿದ್ರೆ ಒತ್ತಿಸ್ಕೊಳ್ಳುತ್ತೆ. ಆದ್ರೆ ಯಾವ ಸದ್ದಿಗೆ ಏನು ಮಾಡ್ಬೇಕು ಅಂತ ಅದಕ್ಕೆ ಯಾರೂ ಹೇಳಿಲ್ಲ. ಬರೀ ಕೂತಿದೆ."

ಪಾನಣ್ಣ ಬಟನ್ನನ್ನು ಇನ್ನೊಮ್ಮೆ ಒತ್ತಿ ನೋಡಿದ. "ಈ ಆಫೀಸಿಗೆ ಹೊಂದಿಕೊಂಡಿದೆ" ಎಂದ.

ಕಂಪ್ಯೂಟರನ್ನೇ ಆರಿಸಬಹುದಲ್ಲ ಎಂದು ಓದುವವರಿಗೆ ಅನಿಸಬಹುದು. ಉದ್ಘಾಟನೆಯಾದ ವಸ್ತುವನ್ನು ಕಚೇರಿ ವೇಳೆಯಲ್ಲಿ ಆರಿಸುವುದು ಉದ್ಘಾಟಿಸಿದವರಿಗೆ ತೋರುವ ಅಗೌರವ ಎಂದು ಸುತ್ತೋಲೆ ಇದೆ. ಸ್ಪೀಕರಿನ ವೈರು ಎಳೆಯಬಹುದಲ್ಲ ಎಂದೂ ಅನಿಸಬಹುದು. ವೈರು ವಿದ್ಯುತ್ ವಿಭಾಗದ್ದು. ಪ್ಲಂಬರ್ ಅದನ್ನು ಮುಟ್ಟುವಂತಿಲ್ಲ. ವಿದ್ಯುತ್ ವಿಭಾಗದವರು ನೀರಿನ ದೂರಿಗೆ ಬರುವಂತಿಲ್ಲ. ಸಂಜೆ ಕಾವಲುಗಾರ ಮೇನ್ ಸ್ವಿಚ್ ಇಳಿಸಿದಾಗ ಸದ್ದು ತಾನಾಗಿ ಸಾಯುತ್ತಿತ್ತು. ಬೆಳಗ್ಗೆ ಸ್ವಿಚ್ ಏರಿಸಿದ ಮೇಲೆ, ಕಾಯಲು ಮೊದಲು ಬಂದವರ ಕೈಯಲ್ಲಿ ಮತ್ತೆ ಹುಟ್ಟುತ್ತಿತ್ತು. ಕಾಯಲು ಬಂದವರು ಬೇಸರಕ್ಕೆ ಒಂದೊಂದು ಸಲ ಶುರು ಒತ್ತುತ್ತಿದ್ದರು. ಬೆಳಗ್ಗೆ ಒಂದು ನಲ್ಲಿ, ಊಟದ ಹೊತ್ತಿಗೆ ಹನ್ನೆರಡು, ಸಂಜೆ ಹೊತ್ತಿಗೆ ಕೆರೆ ಕೋಡಿ ಬಿದ್ದ ಹಾಗೆ.

ಪಾನಣ್ಣ ದೂರಿನ ಚೀಟಿಯ ಮೇಲೆ 'ನೀರಿಲ್ಲ, ಬರೀ ಸದ್ದು' ಎಂದು ಬರೆದು ಕಿಟಕಿಗೆ ಕೊಟ್ಟ. ನಾದಿನಿ ವಾಪಸ್ ತಳ್ಳಿದಳು.

"ಸೋರಿಕೆ ದೂರು ಮುಗೀಬೇಕಾದ್ರೆ ಹೊಸ ವಾಷರ್ ಹಾಕಿರ್ಬೇಕು ಭಾವ. ಹಾಕಿದ ವಾಷರ್ ನಂಬರ್ ಇಲ್ಲದೆ ನನ್ನ ಈ ಕಂಪ್ಯೂಟರ್ ತಗೊಳ್ಳಲ್ಲ."

"ಎಲ್ಲಿ ಹಾಕ್ಲಿ?"

"ಅದನ್ನ ಅದು ಕೇಳಲ್ಲ. ನಂಬರ್ ಕೇಳುತ್ತೆ, ಅಷ್ಟೆ." ಆಮೇಲೆ ದನಿ ಇಳಿಸಿದಳು. "ಭಾವ, ಹನ್ನೆರಡೇ ದಿನ ಇದೆ. ಲಂಬು ಬಂದಿದ್ದ ಇಲ್ಲಿ. ಅಕ್ಕನ ಅಡುಗೆಮನೆ ಎಷ್ಟು ಅಡಿ ಅಂತ ಕೇಳ್ದ."

"ನೀನೇನಂದೆ?"

"ಅದಕ್ಕೂ ಒಂದು ಅರ್ಜಿ ಬರ್ಕೊಡಿ ಅಂದೆ."

ಹೊಸ ವಾಷರ್ ಉಗ್ರಾಣದಲ್ಲಿ ಸಿಗುತ್ತಿತ್ತು. ಉಗ್ರಾಣದವನಿಗೆ ಜನ ಇಟ್ಟ ಹೆಸರು 'ಹಳೇದೆಲ್ಲಿ'. ಹೊಸದು ಏನು ಕೇಳಿದರೂ ಅವನು ಮೊದಲು ಕೇಳುವುದು ಅದನ್ನೇ. ಹಳೆಯದನ್ನು ತಂದುಕೊಡದೆ ಹೊಸದನ್ನು ಕೊಡುವಂತಿಲ್ಲ. ಅವನ ಮದುವೆಯಲ್ಲೂ ಹಾಗೇ ಕೇಳಿದನಂತೆ ಎಂದು ಒಂದು ಮಾತಿದೆ. ಅದು ದಾಖಲೆಯಲ್ಲಿಲ್ಲ.

"ಅರ್ಧ ಇಂಚು ವಾಷರ್ ಒಂದು" ಎಂದ ಪಾನಣ್ಣ.

"ಹಳೇದೆಲ್ಲಿ?"

"ಇಲ್ಲ. ಕಂಪ್ಯೂಟರ್ ಸೋರ್ತಿದೆ."

"ಸೋರ್ಲಿ. ಪಾಪ, ಅದಕ್ಕೂ ವಯಸ್ಸಾಗುತ್ತೆ. ಹಳೇದೆಲ್ಲಿ?"

ಬೇರೆ ನಲ್ಲಿಯ ವಾಷರ್ ಬಿಚ್ಚಿ ತಂದರೆ ಕೆಲಸ ಆಗುತ್ತಿತ್ತು. ಬೇರೆ ಯಾರಾದರೂ ತರುತ್ತಿದ್ದರು. ಪಾನಣ್ಣನಿಗೆ ಆ ಕೈ ಬರಲಿಲ್ಲ. ಒಂದು ಕಡೆ ಸೋರುವುದನ್ನು ನಿಲ್ಲಿಸಲು ಇನ್ನೊಂದು ಕಡೆ ಸೋರಿಸಿದವನಲ್ಲ ಅವನು.

ಗೇಮ್ ಹುಡುಗಿಗೆ ಕನಿಕರ ಬಂತು. "ಅಂಕಲ್, ಗೇಮಲ್ಲಿರೋ ನಲ್ಲಿಗೆ ನಾನೊಂದು ವಾಷರ್ ಬರೆದು ಪ್ರಿಂಟ್ ತೆಗೆದು ಕೊಡ್ತೀನಿ" ಎಂದಳು. ಕೊಟ್ಟಳು. ಹಳೇದೆಲ್ಲಿ ಅದನ್ನು ಬೆಳಕಿಗೆ ಹಿಡಿದು ನೋಡಿದ. ಅಳತೆಪಟ್ಟಿ ಇಟ್ಟು ಅಳೆದ.

"ಅಳತೆ ಸರಿ ಇದೆ. ಆದ್ರೆ ಇದು ಹೊಸದು. ಸವೆದಿಲ್ಲ."

ಹುಡುಗಿ ಸವೆದ ವಾಷರ್ ಬರೆದಳು. ಅಂಚು ತಿಂದುಹೋದ ಹಾಗೆ, ನಡುವೆ ಬಿರುಕು ಬಿಟ್ಟ ಹಾಗೆ. ಪಾನಣ್ಣ ಪಕ್ಕದಲ್ಲಿ ಕೂತು ಎಲ್ಲೆಲ್ಲಿ ಸವೆಯುತ್ತದೆ ಎಂದು ಬೆರಳಿಟ್ಟು ತೋರಿಸಿದ. ಚಿತ್ರ ಚೆನ್ನಾಗಿ ಬಂತು. ಹಳೇದೆಲ್ಲಿಗೂ ಮೆಚ್ಚಿಗೆಯಾಯಿತು. ಮೂಗಿನ ಹತ್ತಿರ ಹಿಡಿದ.

"ರಬ್ಬರ್ ವಾಸನೆ ಇಲ್ವಲ್ಲಣ್ಣ" ಎಂದು ಬಹಳ ಬೇಸರದಿಂದ ವಾಪಸ್ ಕೊಟ್ಟ.

ಇಷ್ಟರಲ್ಲಿ ಎಂಟು ದಿನ ಕಳೆಯಿತು. ಸೋರಿಕೆ ಸರಿಯಾಗುವ ತನಕ ಕೆಳಗೆ ಬಕೆಟ್ ಇಡತಕ್ಕದ್ದು ಎಂಬ ನಿಯಮದ ಪ್ರಕಾರ ಕಂಪ್ಯೂಟರಿನ ಕೆಳಗೆ ಬಕೆಟ್ ಇಟ್ಟಿದ್ದರು. ಸಂಜೆ ಸಂಜೆ ಅಳೆದು ಬರೆಯುತ್ತಿದ್ದರು. ಸೊನ್ನೆ, ಸೊನ್ನೆ, ಸೊನ್ನೆ. ನಾಲ್ಕನೇ ದಿನ ಪಾನಣ್ಣನಿಗೆ ನೋಟಿಸ್ ಬಂತು. 'ಸೋರಿಕೆ ಸತತವಾಗಿ ಇದ್ದು ಇಡೀ ಕಚೇರಿಗೆ ಕೇಳಿಸುತ್ತಿದ್ದರೂ ಬಕೆಟ್ಟಿನಲ್ಲಿ ನೀರು ಕಂಡುಬಂದಿಲ್ಲ. ಸದರಿ ನೀರನ್ನು ತಾವು ಎಲ್ಲಿಗೆ ಸಾಗಿಸುತ್ತಿದ್ದೀರಿ ಎಂಬ ಬಗ್ಗೆ ಮೂರು ದಿನದೊಳಗೆ ವಿವರಣೆ ನೀಡುವುದು.'

ಪಾನಣ್ಣ ನೋಟಿಸನ್ನು ಎರಡು ಸಲ ಓದಿ ನಾದಿನಿಗೆ ತೋರಿಸಿದ. ಮಾರನೆಯ ದಿನದಿಂದ ನಾದಿನಿ ಮನೆಗೆ ಹೋಗುವ ಮುಂಚೆ ತನ್ನ ಬಾಟಲಿಯಲ್ಲಿ ಉಳಿದ ನೀರನ್ನು ಬಕೆಟ್ಟಿಗೆ ಸುರಿದಳು. ಅರ್ಧ ಲೀಟರು ಎಂದು ದಾಖಲಾಯಿತು. ನೋಟಿಸ್ ಹಿಂದಕ್ಕೆ ಹೋಯಿತು. ಸೋರಿಕೆ ಹತೋಟಿಯಲ್ಲಿದೆ ಎಂದು ಷರಾ ಬರೆದರು.

ಲಂಬು ಆ ಭಾನುವಾರ ಮನೆ ನೋಡಲು ಬಂದ. ತಲೆ ಬಗ್ಗಿಸಿ ಒಳಗೆ ಬಂದ, ಅಡುಗೆಮನೆಯಲ್ಲಿ ನಿಂತ.

"ಬೇಜಾರು ಮಾಡ್ಕೋಬೇಡಿ ಅಣ್ಣ. ನನ್ನ ಹೆಸರು ಮುಂದಿದೆ ಅಂತ ಬಂದೆ, ಅಷ್ಟೆ."

"ನೋಡಪ್ಪ. ನೋಡು."

"ಈ ನಲ್ಲಿ ಯಾಕಣ್ಣ ಇಷ್ಟು ಕೆಳಗಿದೆ? ನೀವೇ ಪ್ಲಂಬರು. ಯಾರು ಕೂರಿಸಿದ್ದು ಇದನ್ನ?"

"ನಾನೇ."

"ಇರ್ಲಿ ಬಿಡಿ, ನಾನು ಬಂದ ಮೇಲೆ ಏರಿಸ್ಕೋತೀನಿ. ಈ ಕಟ್ಟೇನೂ ಒಡೆಸ್ಬೇಕು."

ಪಾನಣ್ಣ ಅವನಿಗೆ ಚಹಾ ಮಾಡಿಕೊಟ್ಟ. ಲಂಬು ಹೋದ ಮೇಲೆ ಲೋಟ ತೊಳೆದ. ಒಂದೇ ಲೋಟ, ಬಹಳ ಹೊತ್ತು ತೊಳೆದ.

ವರ್ಷ ಮುಗಿಯಲು ಒಂದು ದಿನ ಉಳಿದಾಗ ಉಪಸಮಿತಿ ವರದಿ ಕೊಟ್ಟಿತು. ತಡೆಯುವುದು ಬೇರೆ, ನಿಲ್ಲಿಸುವುದು ಬೇರೆ ಎಂದು ಅದು ಒಪ್ಪಿತ್ತು. ತಡೆದದ್ದು ಮುಂದುವರಿಯುತ್ತದೆ, ನಿಲ್ಲಿಸಿದ್ದು ಮೊದಲಿಂದ ಶುರುವಾಗಬೇಕಾಗುತ್ತದೆ. ಕಚೇರಿಯ ಎಷ್ಟೋ ಕೆಲಸ ತಡೆದ ಸ್ಥಿತಿಯಲ್ಲಿ ಈಗಾಗಲೇ ಇರುವುದರಿಂದ ತಡೆಗೆ ಪ್ರತ್ಯೇಕ ಗುಂಡಿಯ ಅಗತ್ಯ ಕಾಣುವುದಿಲ್ಲ. ನಿಲ್ಲಿಸು ಎಂಬುದಕ್ಕೆ ಕೆಲಸ ಕೊಡಬಹುದು.

ಹುಡುಗಿ ಎರಡು ನಿಮಿಷದಲ್ಲಿ ಬಟನ್ ಜೋಡಿಸಿದಳು. ಎರಡು ನಿಮಿಷದ ಕೆಲಸವೇ ಎಂದು ಯಾರೂ ಕೇಳಲಿಲ್ಲ. ಕೊನೆಯ ದಿನ ಬೆಳಗ್ಗೆ ಹನ್ನೊಂದಕ್ಕೆ ಎರಡನೇ ಉದ್ಘಾಟನೆ. ಸಾಹೇಬರು ಒತ್ತಿದರು. ಫೋಟೋದವನು ಇನ್ನೊಂದ್ಸಲ ಎಂದ. ಇನ್ನೊಮ್ಮೆ ನಿಲ್ಲಲು ಏನೂ ಉಳಿದಿರಲಿಲ್ಲ.

ಕಚೇರಿ ಸ್ತಬ್ಧವಾಯಿತು.

ಪಾನಣ್ಣ ಕಿಟಕಿಗೆ ಹೋದ. "ನಿಂತಿತು. ಈಗ ಮುಗಿಸು."

"ವಾಷರ್ ನಂಬರ್ ಭಾವ" ಎಂದಳು ನಾದಿನಿ. ಹೇಳುವಾಗ ಅವನ ಮುಖ ನೋಡಲಿಲ್ಲ.

ಪಾನಣ್ಣ ಅಲ್ಲೇ ಬೆಂಚಿನ ಮೇಲೆ ಕೂತ. ಸಂಜೆ ಐದಕ್ಕೆ ಪಟ್ಟಿ ಹೊರಡುತ್ತದೆ. ಪಾತ್ರೆ ಪಡಗ ಯಾವುದರಲ್ಲಿ ಕಟ್ಟುವುದು ಎಂದು ಯೋಚಿಸಿದ. ಗೋಣಿಚೀಲ ಎಷ್ಟಿವೆ ಎಂದು ನೆನಪು ಮಾಡಿಕೊಂಡ.

ಮಧ್ಯಾಹ್ನದ ಹೊತ್ತಿಗೆ ಕಚೇರಿಯಲ್ಲಿ ಏನೋ ಸರಿಯಿಲ್ಲ ಎಂದು ಎಲ್ಲರಿಗೂ ತಿಳಿಯಿತು. ಟೈಪಿಸ್ಟು ಹನ್ನೊಂದರಿಂದ ಒಂದು ಪುಟವೂ ಮುಗಿಸಿರಲಿಲ್ಲ. ಹನಿಗೆ ಒಂದಕ್ಷರ ಹೊಡೆದು ಅಭ್ಯಾಸವಾಗಿತ್ತು. ಸಾಹೇಬರಿಗೆ ಇನ್ನೂ ಕಷ್ಟ. ಅವರು ಹನಿಗೊಂದು ಸಹಿ ಹಾಕುತ್ತಿದ್ದರು. ಈಗ ಪೆನ್ನು ಎತ್ತಿ ಹಿಡಿದು ಕಾದರು. ಹನಿ ಬೀಳಲಿಲ್ಲ. ಮೇಜಿನ ಮೇಲೆ ಕಡತ ಬೆಳೆಯಿತು. ಮೂರು ಗಂಟೆಗೆ ಅವರು ಒಂದು ಚೀಟಿ ಬರೆದು ಕಿಟಕಿಗೆ ಕಳಿಸಿದರು.

ನಾದಿನಿ ಚೀಟಿ ಓದಿದಳು. ನಗಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಂಡಳು: 'ಹದಿನಾಲ್ಕನೇ ಕೋಣೆಯಲ್ಲಿ ನೀರು ನಿಂತುಹೋಗಿದೆ. ತಕ್ಷಣ ಕ್ರಮ ಕೈಗೊಳ್ಳುವುದು.'

ಕಿಟಕಿಯ ಕಂಪ್ಯೂಟರು ಸ್ವಲ್ಪ ಹೊತ್ತು ಯೋಚಿಸಿ ಒಂದು ಸಾಲು ತೋರಿಸಿತು. ನಾದಿನಿ ಅದನ್ನು ಗಟ್ಟಿಯಾಗಿ ಓದಿದಳು. "ಸದರಿ ಸ್ಥಳದಲ್ಲಿ ನೀರೇ ಇಲ್ಲವಾದ್ದರಿಂದ, ಅದೇ ಸ್ಥಳದ ಸೋರಿಕೆ ದೂರು ತಾನಾಗಿ ರದ್ದಾಗಿದೆ."

ಪಾನಣ್ಣ ಎದ್ದು ನಿಂತ. "ಇನ್ನೊಂದ್ಸಲ ಓದು."

ಓದಿದಳು. "ಆದ್ರೆ ಭಾವ, ಈಗ ನೀರು ಬರ್ತಿಲ್ಲ ಅನ್ನೋ ಹೊಸ ದೂರು ನಿಮ್ಮ ಹೆಸರಲ್ಲಿ ಬಂದಿದೆ."

"ಅದಕ್ಕೆ ವಾಷರ್ ಬೇಕಾ?"

"ಬೇಡ. ನೀರು ಬಂತು ಅಂತ ದೂರು ಕೊಟ್ಟವರ ಸಹಿ ಸಾಕು."

ಪಾನಣ್ಣ ಹದಿನಾಲ್ಕಕ್ಕೆ ನಡೆದ. ಓಡಲಿಲ್ಲ, ಓಡುವವನಲ್ಲ. ಶುರು ಒತ್ತಿದ. ಒಂದು ನಲ್ಲಿ ಸೋರತೊಡಗಿತು. ಕಟ್ಟಡದಲ್ಲೆಲ್ಲ ಜನ ಉಸಿರು ಬಿಟ್ಟದ್ದು ಕೇಳಿಸಿತು. ಸಾಹೇಬರು ಚೀಟಿಯ ಮೇಲೆ 'ನೀರು ಬಂತು' ಎಂದು ಬರೆದು, ಮುಂದಿನ ಹನಿಗೆ ಸಹಿ ಹಾಕಿದರು. ದೂರು ಬಂದದ್ದು ಮೂರು ಗಂಟೆ ಐದು ನಿಮಿಷಕ್ಕೆ, ಮುಗಿದದ್ದು ಮೂರು ಗಂಟೆ ಒಂಬತ್ತು ನಿಮಿಷಕ್ಕೆ. ಕಚೇರಿಯ ಇತಿಹಾಸದಲ್ಲಿ ಅಷ್ಟು ಬೇಗ ಎಲ್ಲಿಯೂ ನೀರು ಬಂದಿರಲಿಲ್ಲ.

ಮನೆ ಪಾನಣ್ಣನಿಗೇ ಉಳಿಯಿತು. ಲಂಬು ಬಂದು ಕೈ ಕುಲುಕಿದ. "ಒಳ್ಳೇದಾಯ್ತು ಬಿಡಿ ಅಣ್ಣ, ನನಗೂ ಬಾಗಿಲಲ್ಲಿ ತಲೆ ತಾಗ್ತಿತ್ತು" ಎಂದ.

ನಾಲ್ಕು ನಿಮಿಷದ ವಿಷಯ ಮೇಲಿನ ಕಚೇರಿಗೆ ಹೋಯಿತು. ಮೇಲಿನವರು ಬಂದು ನೋಡಿ ಮೆಚ್ಚಿದರು. ಹೊಸ ವರ್ಷದ ಎರಡನೇ ವಾರ ಸುತ್ತೋಲೆ ಬಂತು. ಇನ್ನು ಮುಂದೆ 'ನೀರು ಬರುತ್ತಿಲ್ಲ' ಎಂಬ ದೂರುಗಳನ್ನೆಲ್ಲ ಹದಿನಾಲ್ಕನೇ ಕೋಣೆಯ ಮಾದರಿಯಲ್ಲಿಯೇ ಇತ್ಯರ್ಥಪಡಿಸತಕ್ಕದ್ದು. ದೂರುದಾರರನ್ನು ಸದರಿ ಕೋಣೆಗೆ ಕರೆತಂದು, ಗೌರವದಿಂದ ಕೂರಿಸಿ, ಶುರು ಗುಂಡಿಯನ್ನು ಅವರ ಕೈಯಿಂದಲೇ ಒತ್ತಿಸಿ, ಸದ್ದು ಸ್ಪಷ್ಟವಾಗಿ ಕೇಳಿಸಿದ ಬಗ್ಗೆ ಸಹಿ ಪಡೆಯತಕ್ಕದ್ದು. ಕಿವಿ ಮಂದವಿರುವವರಿಗೆ ಗುಂಡಿಯನ್ನು ಐದು ಸಲ ಒತ್ತಲು ಅವಕಾಶ.

ಜನ ಮೊದಮೊದಲು ಕೊಡ ಹಿಡಿದು ಬಂದರು. ಆಮೇಲೆ ಬರಿಗೈಯಲ್ಲಿ ಬಂದರು. ಸಾಲು ನಿಂತರು, ಒತ್ತಿದರು, ಕೇಳಿದರು, ಸಹಿ ಮಾಡಿದರು. ಸದ್ದು ಚೆನ್ನಾಗಿದೆ ಎಂದೇ ಎಲ್ಲರ ಅಭಿಪ್ರಾಯ. ಮನೆಯಲ್ಲಿ ಇಷ್ಟು ಸ್ಪಷ್ಟವಾಗಿ ಎಂದೂ ಬಂದಿರಲಿಲ್ಲ ಎಂದು ಒಬ್ಬ ಹಿರಿಯರು ಪುಸ್ತಕದಲ್ಲಿ ಬರೆದು ಹೋದರು. ಮೂರು ತಿಂಗಳಲ್ಲಿ ಊರಿನ ಒಂದು ದೂರೂ ಬಾಕಿ ಉಳಿಯಲಿಲ್ಲ.

ದೂರು ಮುಗಿದ ಮನೆಗೆ ಪ್ಲಂಬರ್ ಹೋಗುವಂತಿಲ್ಲ. ಮುಗಿದದ್ದನ್ನು ರಿಪೇರಿ ಮಾಡುವುದು ಕಚೇರಿಯ ಮೇಲೆ ಅಪನಂಬಿಕೆ ತೋರಿದ ಹಾಗೆ. ಪಾನಣ್ಣ ಇದನ್ನು ಒಪ್ಪಿಕೊಂಡಿದ್ದ. ಆದರೆ ಅವನಿಗೆ ಸಂಜೆ ನಡೆಯುವ ಅಭ್ಯಾಸ ಬಂದಿತ್ತು. ಮನೆಯಲ್ಲಿ ಒಬ್ಬನೇ ಕೂತು ಮಾಡುವುದೇನು ಎಂದು ಒಂದೊಂದು ದಿನ ಒಂದೊಂದು ಬೀದಿಗೆ ಹೋಗುತ್ತಿದ್ದ. ಜೇಬಿನಲ್ಲಿ ಪಾನಾ ಹೇಗೂ ಇರುತ್ತಿತ್ತು. ಬೀದಿಯ ವಾಲ್ವಿನ ಮುಚ್ಚಳ ಕಂಡರೆ ನಿಲ್ಲುತ್ತಿದ್ದ. ಇಪ್ಪತ್ತು ನಿಮಿಷ ಬಿಟ್ಟು ಕೈ ಒರೆಸಿಕೊಂಡು ಮುಂದೆ ಹೋಗುತ್ತಿದ್ದ.

ಒಂದು ಬೆಳಗ್ಗೆ ಹಿಂದಿನ ಬೀದಿಯ ದರ್ಜಿ ಹೆಂಗಸು ಕಿಟಕಿಗೆ ಬಂದಳು. ಹೆದರಿದ್ದಳು. ಹಿಂದಿನ ವಾರ ಹದಿನಾಲ್ಕರಲ್ಲಿ ಕೂತು ಸಹಿ ಹಾಕಿ ಹೋಗಿದ್ದವಳು. ಆಚೆ ಈಚೆ ನೋಡಿ, ಕಿಟಕಿಯ ಸರಳಿಗೆ ಬಾಯಿ ಹತ್ತಿರ ತಂದಳು.

"ಅಕ್ಕ, ನಿನ್ನೆ ಸಂಜೆಯಿಂದ ನಮ್ಮನೆ ನಲ್ಲಿಯಲ್ಲಿ ನೀರು ಬರ್ತಿದೆ. ಸದ್ದಲ್ಲ, ನೀರೇ. ನಾನೇನೂ ಮಾಡ್ಲಿಲ್ಲ. ಈಗ ಏನ್ಮಾಡ್ಲಿ?"

ನಾದಿನಿ ಬೆಂಚಿನ ಮೇಲೆ ಕೂತಿದ್ದ ಭಾವನ ಕಡೆ ನೋಡಿದಳು. ಪಾನಣ್ಣ ಬೀದಿಯ ಕಡೆ ನೋಡುತ್ತಿದ್ದ. ನಾದಿನಿ ಪೆನ್ನನ್ನು ಕೆಳಗಿಟ್ಟಳು. ಆ ಕೆಲಸಕ್ಕೆ ಸೇರಿದಾಗಿನಿಂದ ಕೇಳಿದ ಮಾತನ್ನು ಅವಳು ಬರೆದುಕೊಳ್ಳದೆ ಇದ್ದದ್ದು ಅದೇ ಮೊದಲು.

"ಯಾರಿಗೂ ಹೇಳ್ಬೇಡಿ ಅಮ್ಮ" ಎಂದಳು. "ತುಂಬಿಸ್ಕೊಳ್ಳಿ."